ಅಪ್‌ಡೇಟ್: ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡೆ

ತೀರ್ಥಹಳ್ಳಿಯ ಮಳೆಗಾಲದಲ್ಲಿ ಕೆದರಿ ನಿಲ್ಲುವ ಗುಂಗುರು ಕೂದಲನ್ನು ರಾಸಾಯನಿಕ ಹಾಕಿ ನೇರ ಮಾಡಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಾಡಿಸಿಕೊಂಡೆ.

ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಬೆಸೆಯುವ ಗಂಧಕದ ಬಂಧಗಳೇ ಗುಂಗುರನ್ನು ಹಿಡಿದಿಡುತ್ತವೆ. ಥಯೋಗ್ಲೈಕೊಲೇಟ್ ಕ್ರೀಮು ಅವನ್ನು ಬಿಡಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ! ಪಾರ್ಲರಿನ ಅಕ್ಕ ಆಗಾಗ ಕಿವಿಯ ಹಿಂದಿನ ಒಂದೆಳೆಯನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಜಗ್ಗಿ ನೋಡುತ್ತಿದ್ದರು. ಹೊತ್ತು ಮೀರಿದರೆ ಕೂದಲೇ ತುಂಡಾಗುತ್ತದೆ. ಈ ಎಚ್ಚರವಿಲ್ಲದ ಕಡೆ ದಯವಿಟ್ಟು ತಲೆ ಕೊಡಬೇಡಿ. ತೊಳೆದು, ಒಣಗಿಸಿ, ಬಿಸಿ ಇಸ್ತ್ರಿ ಎಳೆದು, ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಹಚ್ಚಿದಾಗ ಬಂಧಗಳು ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಮನೆಯ ಇಸ್ತ್ರಿ ಗಾಳಿಯ ತೇವಕ್ಕೇ ಸೋಲುತ್ತಿತ್ತು. ಈಗ ಆಗುಂಬೆಯ ಜಡಿಮಳೆಯಲ್ಲಿ ನೆನೆದರೂ ಸುರುಳಿ ಮರಳಿಲ್ಲ.

ದುಡ್ಡಿಗೆ ತಕ್ಕುದೇ? ನನಗಂತೂ ಹೌದು, ಬೆಳಗಿನ ಬಸ್ಸಿಗೆ ಮುಂಚಿನ ಗಡಿಬಿಡಿ ತಪ್ಪಿದೆ. ಆದರೆ ತುದಿಗಳು ಒರಟಾಗಿವೆ, ಬುಡದಲ್ಲಿ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಗುಂಗುರೇ ಹುಟ್ಟುತ್ತದೆ. ಬ್ಲೀಚ್ ಮಾಡಿಸಿದ ಕೂದಲಿಗೆ ಇದು ಖಂಡಿತ ಬೇಡ. ಕೂದಲಿಗೆ ಲೇಪ ಹಚ್ಚಿ ನಯ ಮಾಡುವ ಕೆರಾಟಿನ್ ಚಿಕಿತ್ಸೆ ಬೇರೆಯದೇ. ಅದರ ಕೆಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುತ್ತವೆ. ಬಾಟಲಿಯ ಚೀಟಿ ಓದಿಯೇ ಒಪ್ಪಿಕೊಳ್ಳಿ.