ಪೀ ಪಫರ್ ಪೆಲೆಟ್ ಮುಟ್ತಾನೇ ಇಲ್ಲ, ಏನ್ ಹಾಕ್ಲಿ?

ಮಂಜಿನೂರು: ಎಲ್ರಿಗೂ ನಮಸ್ಕಾರ, ಮಡಿಕೇರಿಯಿಂದ ಬರೀತಿದೀನಿ. ಹೋದ ಭಾನುವಾರ ಮಗಳಿಗೋಸ್ಕರ ಮೂರು ಪೀ ಪಫರ್ ಅನ್ನೋ ಪುಟ್ಟ ಮೀನು ತಂದ್ವಿ. ಅಂಗಡಿಯವ್ರು ಪೆಲೆಟ್ (ಮೀನಿನ ಒಣ ಆಹಾರದ ಕಾಳು) ಹಾಕಿದ್ರೆ ಸಾಕು ಅಂದಿದ್ರು, ಐದು ದಿನ ಆಯ್ತು ಒಂದೂ ಬಾಯಿಗೆ ತಗೊಂಡಿಲ್ಲ, ಹತ್ರ ಬಂದು ಒಂದೊಂದೇ ಕಣ್ಣು ತಿರುಗಿಸಿ ನೋಡಿ ಹಂಗೇ ಹೋಗ್ಬಿಡ್ತವೆ, ಪೆಲೆಟ್ ತಳದಲ್ಲಿ ಬಿದ್ದು ಬೂಷ್ಟು ಹಿಡೀತಿದೆ. ಒಂದರ ಹೊಟ್ಟೆ ಒಳಗೆ ಹೋಗಿರೋ ಥರ ಕಾಣ್ತಿದೆ. 40 ಲೀಟರ್ ಟ್ಯಾಂಕ್, ಹೀಟರ್ ಇಲ್ಲ. ಮಗಳು ಸ್ಕೂಲಿಂದ ಬಂದವಳೇ "ತಿಂದ್ವಾ ಅಪ್ಪ" ಅಂತ ಕೇಳ್ತಾಳೆ, ಏನ್ ಹೇಳೋದು ಗೊತ್ತಾಗ್ತಿಲ್ಲ. ಗದ್ದೆ ಬಸವನಹುಳು ತಂದು ಹಾಕ್ಬಹುದಾ?

ಸೋಮವಾರಪೇಟೆ_ಟ್ಯಾಂಕ್: ಸರ್ ಪೆಲೆಟ್ ಮರ್ತುಬಿಡಿ. ಇದು ನಮ್ಮ ಪಶ್ಚಿಮ ಘಟ್ಟದ್ದೇ ಮೀನು, 1941ರಲ್ಲಿ ಕೇರಳದ ಪಂಪಾ ನದಿಯಲ್ಲಿ ಸಿಕ್ಕಿದ್ದನ್ನ ನೋಡಿ ಹೆಸರಿಟ್ರು, ಅಂಗಡಿಗೆ ಬರೋದ್ರಲ್ಲಿ ಹೊಳೆಯಿಂದ ಹಿಡಿದವು ತುಂಬ ಇರ್ತವೆ, ಅಲುಗಾಡೋದು ಮಾತ್ರ ಅದಕ್ಕೆ ಊಟ. ಇವತ್ತೇ ಫ್ರೋಜನ್ ಬ್ಲಡ್‌ವರ್ಮ್ (ಮಂಜುಗಟ್ಟಿಸಿದ ಸಣ್ಣ ಕೆಂಪು ಹುಳ) ತನ್ನಿ. ಕ್ಯೂಬಲ್ಲಿ ಚೂರು ಮುರಿದು ಲೋಟದ ನೀರಲ್ಲಿ ಕರಗಿಸಿ, ಟೀ ಸೋಸೋ ಜಾಲರಿಯಲ್ಲಿ ಸೋಸಿ, ಚಿಮ್ಮಟದಲ್ಲಿ ಒಂದು ಹುಳ ಹಿಡಿದು ಮೀನಿನ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಮೊದಲನೇ ದಿನ ಹೆದರ್ತವೆ, ಬಿಡಬೇಡಿ. ದಿನಕ್ಕೆ ಎರಡು ಸಲ, ಹೊಟ್ಟೆ ಸ್ವಲ್ಪ ಉಬ್ಬೋ ಅಷ್ಟು ಸಾಕು, ಉಳಿದಿದ್ದನ್ನ ತೆಗೆದುಬಿಡಿ. ಇನ್ನೊಂದು, ನಮ್ಮಲ್ಲಿ ಮಳೆಗಾಲದಲ್ಲಿ ದಿನಗಟ್ಲೆ ಕರೆಂಟ್ ಹೋಗುತ್ತಲ್ಲ, ಫ್ರಿಜ್ಜಲ್ಲಿ ಒಂದ್ಸಲ ಕರಗಿದ ಪ್ಯಾಕೆಟ್ನ ಮತ್ತೆ ಗಟ್ಟಿ ಮಾಡಿ ಹಾಕ್ಬೇಡಿ, ಎಸೀರಿ.

ಕಾಫಿಹೂ: ಗದ್ದೆ ಹುಳು ಬೇಡವೇ ಬೇಡ ಅಣ್ಣ. ಗದ್ದೆಗೆ ಔಷಧಿ ಹೊಡೆದಿರ್ತಾರೆ, ತೋಟದ ಚರಂಡಿಯಲ್ಲಾದ್ರೆ ಮೆಣಸಿಗೆ ಹೊಡೆದ ಬೋರ್ಡೋ ದ್ರಾವಣ ಹರಿದು ಬಂದಿರುತ್ತೆ, ಅದ್ರಲ್ಲಿರೋದು ಮೈಲುತುತ್ತ, ತಾಮ್ರ, ಪಫರ್‌ಗೆ ಹುರುಪೆ ಇಲ್ಲ ಹಾಗಾಗಿ ಇಂಥದ್ದನ್ನೆಲ್ಲ ಸ್ವಲ್ಪಾನೂ ತಡ್ಕೊಳಲ್ಲ. ಶನಿವಾರಸಂತೆ ಕಡೆ ತೋಟಕ್ಕೆ ನುಗ್ಗಿದ ದೊಡ್ಡ ಆಫ್ರಿಕನ್ ಹುಳುವಿನ ಮರೀನೂ ಬೇಡ, ಅದಕ್ಕೆ ವಿಷದ ಕಾಳು ಇಟ್ಟಿರ್ತಾರೆ. ರಾಮ್ಸ್‌ಹಾರ್ನ್ ಅನ್ನೋ ಸಣ್ಣ ನೀರಿನ ಬಸವನಹುಳು ಮನೇಲೇ ಬೆಳೆಸಿ. ಅಕ್ವೇರಿಯಂ ಗಿಡದ ಜೊತೆ ಒಂದೆರಡು ಫ್ರೀಯಾಗೇ ಬರ್ತವೆ, ಬಕೆಟ್ಟಲ್ಲಿ ಹಾಕಿ ಬೇಯಿಸಿದ ಸೌತೆಕಾಯಿ ಚೂರು ಕೊಡಿ, ತಿಂಗಳೊಳಗೆ ಮರಿ ತುಂಬ್ಕೊಳ್ತವೆ. ಉದ್ದ ಮೊನಚು ಚಿಪ್ಪಿನ ಟ್ರಂಪೆಟ್ ಹುಳು ಹಾಕ್ಬೇಡಿ, ತುಂಬಾ ಗಟ್ಟಿ. ನಮ್ಮನೆ ಪಫರ್ ಬಸವನಹುಳು ಮುಂದೆ ನೀರಲ್ಲಿ ಹಂಗೇ ನಿಂತಿರುತ್ತೆ, ಕೊಂಬು ಆಚೆ ಬಂದ ತಕ್ಷಣ ಟಕ್ ಅಂತ ಕಚ್ಚುತ್ತೆ, ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಖಾಲಿ ಚಿಪ್ಪು. ಅದರ ಹಲ್ಲು ಬೆಳೀತಾನೇ ಇರುತ್ತೆ, ಚಿಪ್ಪು ಕಡಿದು ಸವೀಬೇಕು.

ಸೋಮವಾರಪೇಟೆ_ಟ್ಯಾಂಕ್: ಹೌದು ಅಕ್ಕ ಹೇಳಿದ್ದು ಸರಿ. ಸೊಳ್ಳೆ ಮರೀನೂ ಒಳ್ಳೇದು, ಆದ್ರೆ ಬಕೆಟ್ಟಿಂದ ದಿನಾ ಸೋಸಿ ತೆಗೀಬೇಕು, ಒಂದು ವಾರ ಬಿಟ್ರೆ ಸೊಳ್ಳೆ ಆಗಿ ಮನೆಯೋರಿಗೇ ಕಚ್ಚುತ್ತೆ, ಡೆಂಗ್ಯೂ ಕಾಲ.

ಕಾವೇರಿದಡ: ಹೊಟ್ಟೆ ಒಳಗೆ ಹೋಗಿರೋದನ್ನ ಬೇರೆ ಟ್ಯಾಂಕಿಗೆ ಹಾಕಿ. ತಿಂದ್ರೂ ಸಣ್ಣ ಆಗ್ತಾ ಹೋದ್ರೆ, ಬಿಳಿ ದಾರದ ಥರ ಹೇಲು ಬಂದ್ರೆ ಹೊಟ್ಟೆಹುಳು ಇರ್ಬಹುದು, ಹೊಳೆ ಮೀನಲ್ಲಿ ಇದು ಸಾಮಾನ್ಯ. ಔಷಧಿ ಪ್ರಮಾಣ ಗೊತ್ತಿರೋರ್ನ ಕೇಳದೆ ಹಾಕ್ಬೇಡಿ. ಮೊದಲು ಹೀಟರ್ ಹಾಕಿ ಸರ್, 25 ಡಿಗ್ರಿ ಆಸುಪಾಸು ಇರ್ಲಿ, ಮಡಿಕೇರಿ ಮಳೆಗೆ ನೀರು ತಣ್ಣಗಾದ್ರೆ ಮೀನಿಗೆ ಹಸಿವೇ ಇರಲ್ಲ. ಕೊಳೆತ ಪೆಲೆಟ್ ತೆಗೆದು ನೀರಿಗೆ ಅಮೋನಿಯಾ (ಕೊಳೆತದ್ದರಿಂದ ನೀರಿಗೆ ಸೇರೋ ವಿಷ) ಟೆಸ್ಟ್ ಮಾಡಿ, ಸೊನ್ನೆ ಬರ್ಬೇಕು.

ಮಂಜಿನೂರು: ತುಂಬಾ ಥ್ಯಾಂಕ್ಸ್. ನಿನ್ನೆ ಹೀಟರ್ ಹಾಕಿದೆ, ಬ್ಲಡ್‌ವರ್ಮ್ ತಂದೆ. ಇವತ್ತು ಸಾಯಂಕಾಲ ಮಗಳೇ ಚಿಮ್ಮಟ ಹಿಡ್ಕೊಂಡು ಹತ್ತು ನಿಮಿಷ ಅಲ್ಲಾಡದೆ ನಿಂತಿದ್ಲು, ಎರಡು ತಿಂದ್ವು. ಸಣ್ಣದು ಇನ್ನೂ ಗಿಡದ ಹಿಂದೆ ಇದೆ. ರಾಮ್ಸ್‌ಹಾರ್ನ್ ಯಾರ ಹತ್ರ ಇದೆ ಹೇಳಿ, ಕುಶಾಲನಗರ ಆದ್ರೂ ಬಂದು ತಗೊಂಡ್ ಹೋಗ್ತೀನಿ.