ಮಾಯಾ ನಗರಗಳು ಬರಿದಾದದ್ದು ಬರಗಾಲದಿಂದಲೇ?

ಶಾಸನಪ್ರಿಯ (ಪ್ರಶ್ನೆ):
ಮಾಯಾ ಎಂದರೆ ಮೆಕ್ಸಿಕೋದ ದಕ್ಷಿಣದಲ್ಲೂ ಮಧ್ಯ ಅಮೆರಿಕದಲ್ಲೂ ನಗರಗಳನ್ನು ಕಟ್ಟಿದ ಪ್ರಾಚೀನ ಜನಾಂಗ. ಅವರ ನಗರವಾದ ಗ್ವಾಟೆಮಾಲಾದ ತಿಕಾಲ್‌ನಲ್ಲಿ ತೇದಿಯಿರುವ ಕೊನೆಯ ಶಿಲಾಸ್ತಂಭ ಕ್ರಿ.ಶ. 869ರದು. ಮೆಕ್ಸಿಕೋದ ತೊನಿನಾದಲ್ಲಿ ಮಾಯಾ ಪಂಚಾಂಗದ ದೀರ್ಘಗಣನೆ ಎಂಬ ದಿನಗಳ ಎಣಿಕೆಯಲ್ಲಿ ಕೆತ್ತಿದ ಕೊನೆಯ ತೇದಿ 909. ಆ ಬಳಿಕ ದಕ್ಷಿಣದ ತಗ್ಗುನಾಡಿನ ಅರಸರು ಇಂಥ ಸ್ತಂಭಗಳನ್ನು ನೆಡಿಸಲಿಲ್ಲ. ಇದಕ್ಕೆ ದೀರ್ಘ ಬರಗಾಲವೇ ಕಾರಣವೆಂದು ಈಚಿನ ಬಹಳಷ್ಟು ಲೇಖನಗಳು ತೀರ್ಪು ಕೊಟ್ಟಂತೆ ಬರೆಯುತ್ತವೆ. ನನಗೆ ಬಿಡಿಸಲಾಗದ ತೊಡಕೊಂದಿದೆ: ಹೆಚ್ಚು ಮಳೆ ಬೀಳುವ ದಕ್ಷಿಣದ ನಗರಗಳು ಮೊದಲು ಬರಿದಾದವು, ಮಳೆ ಕಡಿಮೆಯಿರುವ ಉತ್ತರ ಯುಕಾಟಾನ್‌ನಲ್ಲಿ ಚಿಚೆನ್ ಇಟ್ಜಾ ನಗರ ಅದೇ ಕಾಲದಲ್ಲಿ ಏಳಿಗೆಗೆ ಬಂತು. ಬರವೇ ಕಾರಣವಾಗಿದ್ದರೆ ಇದು ತಿರುವುಮುರುವಾಗಬೇಕಿತ್ತಲ್ಲವೇ?

ಕೆರೆಯಂಗಳ:
ಬರದ ಸಾಕ್ಷ್ಯವನ್ನು ಹಗುರವಾಗಿ ನೋಡುವಂತಿಲ್ಲ. ಯುಕಾಟಾನ್‌ನ ಚಿಚಂಕನಾಬ್ ಸರೋವರದ ತಳದ ಕೆಸರಿನಲ್ಲಿ ಜಿಪ್ಸಂ ಪದರಗಳಿವೆ. ನೀರು ಆವಿಯಾಗಿ ಸರೋವರ ಕುಗ್ಗಿದಾಗ ಮಾತ್ರ ಅದು ಹಾಗೆ ತಳಕ್ಕಿಳಿಯುತ್ತದೆ. ಸಂಶೋಧಕ ಹೊಡೆಲ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಒಂಬತ್ತನೆಯ ಶತಮಾನಕ್ಕೆ ಜೋಡಿಸಿ ತೋರಿಸಿದರು. ಆ ಹರಳುಗಳೊಳಗೆ ಸೆರೆಯಾಗಿ ಉಳಿದಿದ್ದ ನೀರನ್ನೇ 2018ರಲ್ಲಿ ಪರೀಕ್ಷಿಸಿದಾಗ, ವಾರ್ಷಿಕ ಮಳೆ ಸುಮಾರು ಅರ್ಧಕ್ಕೆ, ತೀರಾ ಕೆಟ್ಟ ಅವಧಿಯಲ್ಲಿ ಶೇ. 70ರವರೆಗೆ ಕುಸಿದಿತ್ತೆಂಬ ಅಂದಾಜು ಸಿಕ್ಕಿತು.

ನಿಮ್ಮ ತೊಡಕಿಗೆ ಉತ್ತರ, ನನ್ನ ಎಣಿಕೆಯಲ್ಲಿ, ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ನೀರು ಎಲ್ಲಿ ನಿಲ್ಲುತ್ತಿತ್ತು ಎನ್ನುವುದರಲ್ಲಿದೆ. ಉತ್ತರದಲ್ಲಿ ಸುಣ್ಣಕಲ್ಲು ಕುಸಿದು ಉಂಟಾದ ಸೆನೋಟೆ ಎಂಬ ಬಾವಿಗಳಲ್ಲಿ ಅಂತರ್ಜಲ ಕೈಗೆ ಎಟುಕುತ್ತದೆ. ತಿಕಾಲ್‌ನಲ್ಲಿ ಅದು ತೀರ ಆಳದಲ್ಲಿರುವುದರಿಂದ, ಗಾರೆ ಬಳಿದ ಅಂಗಳಗಳ ಮೇಲೆ ಬಿದ್ದ ಮಳೆನೀರನ್ನು ಕಟ್ಟೆಗಳಲ್ಲಿ ತುಂಬಿಸಿಕೊಂಡು ಇಡೀ ಬೇಸಿಗೆಯನ್ನು ದಾಟಬೇಕಿತ್ತು. ಅರಮನೆಯ ಮತ್ತು ದೇಗುಲದ ಬಳಿಯ ಕಟ್ಟೆಗಳ ಕೆಸರಿನಲ್ಲಿ ಪಾದರಸವೂ ನೀಲಿಹಸಿರು ಪಾಚಿಯ ಕುರುಹೂ ಇವೆಯೆಂದು 2020ರಲ್ಲಿ ತಿಳಿಯಿತು. ಕಟ್ಟಡಗಳಿಗೆ ಬಳಿದ ಇಂಗಲೀಕ ಎಂಬ ಪಾದರಸದ ಕೆಂಪು ಅದಿರಿನಿಂದ ಪಾದರಸ ಸೋರಿರಬೇಕು. ಅರಸನ ಮನೆಯ ನೀರೇ ವಿಷವಾಗಿತ್ತೆಂದು ಇದರ ಅರ್ಥ.

ಹಳೆಯ ಓದುಗ:
ಕೆರೆಯಂಗಳರ ವಾದ ತಿಕಾಲ್‌ಗೆ ಒಪ್ಪುತ್ತದೆ, ಆದರೆ ತೇದಿಗಳನ್ನು ಸಾಲಾಗಿ ಇಟ್ಟು ನೋಡಿ. ಗ್ವಾಟೆಮಾಲಾದ ಇನ್ನೊಂದು ನಗರ ದೋಸ್ ಪಿಲಾಸ್ 761ರಲ್ಲೇ ಬಿದ್ದುಹೋಯಿತು. ಅಲ್ಲಿ ಉಳಿದವರು ಅರಮನೆಯ ಕಲ್ಲುಗಳನ್ನೇ ಕಿತ್ತು ಅಂಗಳದ ಸುತ್ತ ಅವಸರದ ಕೋಟೆ ಕಟ್ಟಿಕೊಂಡರು. ನೆರೆಯ ಅಗ್ವಾಟೆಕಾ ಸುಮಾರು 810ರಲ್ಲಿ ಸುಟ್ಟುಹೋದಾಗ ಗಣ್ಯರು ಮನೆಯ ಸಾಮಾನುಗಳನ್ನು ಇದ್ದಲ್ಲೇ ಬಿಟ್ಟು ಓಡಿದ್ದಾರೆ. ಇದು ಬಾಯಾರಿದ ಊರಿನ ಲಕ್ಷಣವಲ್ಲ, ಯುದ್ಧದ್ದು.

ಕಾಡು ಕಡಿದದ್ದೇ ಮುಳುವಾಯಿತೆಂಬ ಹಳೆಯ ಮಾತಿಗೂ ಹೊಂಡುರಾಸ್‌ನ ಕೊಪಾನ್‌ನಲ್ಲಿ ಪೆಟ್ಟು ಬಿದ್ದಿದೆ: ಅಲ್ಲಿನ ಕೆಸರಿನಲ್ಲಿ ಉಳಿದ, ಆಗಿನ ಗಿಡಮರಗಳನ್ನು ತಿಳಿಸುವ ಪರಾಗದ ದಾಖಲೆಯನ್ನು ಮರುಪರಿಶೀಲಿಸಿದವರಿಗೆ ಕೊನೆಯ ಅರಸರ ಕಾಲದಲ್ಲಿ ಕಾಡು ಬೋಳಾದ ಗುರುತು ಸಿಗಲಿಲ್ಲ. ಅದೇ ಊರಿನ 822ರ ಬಲಿಪೀಠವೊಂದು ನನ್ನನ್ನು ಇಂದಿಗೂ ಕಾಡುತ್ತದೆ. ಅದರ ಒಂದು ಮುಖದ ಕೆತ್ತನೆ ಮುಗಿದಿದೆ, ಇನ್ನೊಂದರದು ಶುರುವಾಗಿ ನಿಂತಿದೆ, ಉಳಿದೆರಡು ಖಾಲಿ.

ಮಣ್ಣಿನ ಮಾತು:
‘ಪತನ’ ಎಂದರೆ ಯಾವುದರ ಪತನ ಎಂಬುದನ್ನು ಯಾರೂ ಕೇಳಿಲ್ಲ. ಮುಗಿದದ್ದು ‘ಕುಹುಲ್ ಅಹಾವ್’, ಅಂದರೆ ದಿವ್ಯ ಅರಸ, ಎಂಬ ಪದವಿ. ಗ್ವಾಟೆಮಾಲಾದ ಉಕಾನಾಲ್‌ನಲ್ಲಿ ಒಂಬತ್ತನೆಯ ಶತಮಾನದ ಆರಂಭದಲ್ಲಿ ಹಿಂದಿನ ಅರಸರ ಗೋರಿಯಿಂದ ಮೂಳೆ, ಆಭರಣಗಳನ್ನು ತೆಗೆದು ಸುಟ್ಟರು. ಪಾಪ್‌ಮಾಲಿಲ್ ಎಂಬ ಹೊಸ ಒಡೆಯನ ಕಾಲದಲ್ಲಿ ಊರು ಮತ್ತೆ ಕಟ್ಟಡಗಳನ್ನು ಎಬ್ಬಿಸಿತು. ಬೆಲೀಜ್‌ನ ಲಮನಾಯ್‌ನಲ್ಲಿ ಜನವಸತಿ ನಿಲ್ಲಲೇ ಇಲ್ಲ. ಕೊನೆಯ ಸ್ವತಂತ್ರ ಮಾಯಾ ರಾಜಧಾನಿ ನೋಹ್‌ಪೆತೆನ್ ಸ್ಪೇನಿನವರ ಕೈಗೆ ಸಿಕ್ಕಿದ್ದು 1697ರಲ್ಲಿ.

ಶಾಸನಪ್ರಿಯ:
ಎಲ್ಲರಿಗೂ ಕೃತಜ್ಞತೆಗಳು. ಒಂದೇ ಪ್ರಶ್ನೆ ಉಳಿದಿದೆ: ಉಸುಮಸಿಂತಾ ನದಿಯ ದಂಡೆಯಲ್ಲೇ ಇದ್ದ ಪಿಯೆದ್ರಾಸ್ ನೆಗ್ರಾಸ್, ಯಾಶ್ಚಿಲಾನ್‌ಗಳಿಗೆ ನೀರಿನ ಕೊರತೆ ಎಲ್ಲಿತ್ತು?

ಕೆರೆಯಂಗಳ:
ಕುಡಿಯುವ ನೀರು ಬೇರೆ, ಹೊಲದ ನೀರು ಬೇರೆ. ಮೆಕ್ಕೆಜೋಳಕ್ಕೆ ಬೇಕಾದದ್ದು ಮಳೆ. ಆದರೆ ಇಲ್ಲಿ ಹಳೆಯ ಓದುಗರ ಮಾತಿಗೆ ನಾನು ಮಣಿಯಬೇಕು. 808ರಲ್ಲಿ ಪಿಯೆದ್ರಾಸ್ ನೆಗ್ರಾಸ್‌ನ ಅರಸನನ್ನು ಸೆರೆಹಿಡಿದೆವೆಂದು ಯಾಶ್ಚಿಲಾನ್ ಒಂದು ಬಾಗಿಲ ತೊಲೆಯ ಮೇಲೆ ಕೆತ್ತಿಸಿತು. ಗೆದ್ದ ಆ ಊರಿನಲ್ಲೂ ಅದರ ನಂತರದ ಶಾಸನ ಸಿಕ್ಕಿಲ್ಲ.