ಬ್ರದರ್‌ಹುಡ್ ನೋಡಿಯಾಯಿತು, ಇನ್ನು ಫುಲ್‌ಮೆಟಲ್ ಆಲ್ಕೆಮಿಸ್ಟ್ ಮಾಂಗಾ ಓದಬೇಕಾ?

ಕಾಫಿಪುಡಿ:

ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್ ಅನ್ನೋ ಜಪಾನೀ ಅನಿಮೇಷನ್ ಸರಣಿಯ (ಅನಿಮೆ) 64 ಎಪಿಸೋಡೂ ನೋಡಿ ಮುಗಿಸಿದೆ. ತುಂಬಾ ಇಷ್ಟ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಈಗ ಅದರ ಮೂಲ ಕಾಮಿಕ್ಸ್, ಅಂದರೆ ಮಾಂಗಾ ಕೈಗೆತ್ತಿಕೊಳ್ಳೋಣ ಅಂದರೆ ಎಲ್ಲಿ ನೋಡಿದರೂ ‘ಬ್ರದರ್‌ಹುಡ್ ಅಂದರೆ ಮಾಂಗಾನೇ, ಏನೂ ಬದಲಾಯಿಸಿಲ್ಲ’ ಅಂತ ಬರೆದಿರುತ್ತಾರೆ. ಹಾಗಿದ್ದರೆ 27 ವಾಲ್ಯೂಮ್ ಯಾಕೆ ಓದಬೇಕು? ಅದೇ ಕಥೆ, ಬಣ್ಣ ಇಲ್ಲ, ದನಿ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ಇದರ ಮಧ್ಯೆ ನನ್ನ ತಂಗಿ, 2003ರ ಹಳೇ ಸರಣಿ ನೋಡದೆ ಮಾತಾಡಬೇಡ ಎನ್ನುತ್ತಾಳೆ. ಅದು ಮಾಂಗಾ ಬಿಟ್ಟು ಬೇರೆ ದಾರಿ ಹಿಡಿಯಿತು ಅಂತ ಕೇಳಿದ್ದೇನೆ, ಅದಕ್ಕೇ ನೋಡಲು ಮನಸ್ಸಿಲ್ಲ.

ಇನ್ನೊಂದು ಅನುಮಾನ. ಶುರುವಿನ ಎಪಿಸೋಡ್‌ಗಳು ಯಾಕೋ ಓಡಿದ ಹಾಗಿವೆ. ಅಪ್ಪನ ಪ್ರಯೋಗಕ್ಕೆ ಬಲಿಯಾಗುವ ಪುಟ್ಟ ಹುಡುಗಿ ನೀನಾ ವಿಷಯಕ್ಕೆ ಎಲ್ಲರೂ ಗೋಳೋ ಅಂತ ಅತ್ತಿದ್ದಾರೆ. ನನಗೆ ಆ ಮಗುವಿನ ಹೆಸರು ನೆನಪಾಗುವಷ್ಟರಲ್ಲಿ ಕಥೆ ಮುಗಿದಿತ್ತು. ನನಗೊಬ್ಬನಿಗೇ ಹೀಗಾ?

ಹಳೇಕ್ಯಾಸೆಟ್:

ನಿಮಗೊಬ್ಬರಿಗೇ ಅಲ್ಲ. ಅದಕ್ಕೆ ಕಾರಣವೂ ಇದೆ.

ಹಿರೋಮು ಅರಾಕಾವಾ ಈ ಮಾಂಗಾವನ್ನು 2001ರಿಂದ 2010ರವರೆಗೆ ತಿಂಗಳ ಪತ್ರಿಕೆಯೊಂದರಲ್ಲಿ ಬರೆದರು. ಬೋನ್ಸ್ ಸ್ಟುಡಿಯೋ 2003ರಲ್ಲಿ ಮೊದಲ ಸರಣಿ ತೆಗೆದಾಗ ಕಥೆ ಇನ್ನೂ ಶುರುವಿನ ಹಂತದಲ್ಲೇ ಇತ್ತು. ಆ ಶುರುವಿನ ಭಾಗವನ್ನು ಅವರು ಬಹಳ ಪುರುಸೊತ್ತಿನಿಂದ ತೋರಿಸಿದ್ದರು. 2009ರಲ್ಲಿ ಅದೇ ಸ್ಟುಡಿಯೋ ಬ್ರದರ್‌ಹುಡ್ ಶುರು ಮಾಡಿತು. ಜನ ಇದನ್ನೆಲ್ಲಾ ಒಮ್ಮೆ ನೋಡಿದ್ದಾರೆ, ಬೇಗ ದಾಟಿಸಿ ಹೊಸ ಜಾಗಕ್ಕೆ ಹೋಗೋಣ ಎನ್ನುವ ಅವಸರ ಅದರ ಆರಂಭದಲ್ಲಿ ಎದ್ದು ಕಾಣುತ್ತದೆ. ಹಳೇ ಸರಣಿ ನೋಡದವರಿಗೆ ಇದು ಮಧ್ಯದಲ್ಲಿ ಬಸ್ ಹತ್ತಿದ ಹಾಗೆ. ಮೊದಲ ಎಪಿಸೋಡಿನ ಆ ಹಿಮ ಹಾಕುವ ಐಸಾಕ್ ಮಾಂಗಾದಲ್ಲಿ ಇಲ್ಲವೇ ಇಲ್ಲ, ಎಲ್ಲ ಪಾತ್ರಗಳನ್ನೂ ಒಂದೇ ಸಲ ಮುಖ ತೋರಿಸಿ ಪರಿಚಯ ಮಾಡಿಸಲು ಅವನನ್ನು ಹುಟ್ಟುಹಾಕಿದರು. ಅದಕ್ಕೆ ಬದಲಾಗಿ ಕಲ್ಲಿದ್ದಲು ಗಣಿ ಊರು ಯೂಸ್‌ವೆಲ್‌ನ ಕಥೆ ಹೋಯಿತು, ರೈಲು ಅಪಹರಣದ ಕಥೆಯೂ ಹೋಯಿತು. ಆ ಗಣಿಯ ಅಧಿಕಾರಿಯಾಗಿದ್ದ ಯೋಕಿ ಮುಂದೆ ಬಂದಾಗ ಅವನು ಯಾರು ಅಂತ ಹೇಳಲು ಹಳೇ ಮೂಕಿ ಸಿನಿಮಾ ಥರ ಒಂದು ತುಣುಕು ಹಾಕಿ ಕೈತೊಳೆದುಕೊಂಡರು.

ಗಣಿ ಕಥೆ ಸಣ್ಣದು, ನಿಜ. ಆದರೆ ಸರ್ಕಾರಿ ಆಲ್ಕೆಮಿಸ್ಟ್ (ಸೇನೆಗೆ ಕೆಲಸ ಮಾಡುವ ರಸವಿದ್ಯೆಯವನು) ಅಂದರೆ ಜನ ಯಾಕೆ ‘ಸೇನೆಯ ನಾಯಿ’ ಅಂತ ಉಗಿಯುತ್ತಾರೆ ಎನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕಥಾನಾಯಕ ಎಡ್‌ಗೆ ಊಟ, ಹಾಸಿಗೆ ಕೊಡಲು ಒಪ್ಪಿದ್ದ ಜನ ಅವನು ಸರ್ಕಾರದವನು ಅಂತ ತಿಳಿದ ಕೂಡಲೇ ಆಚೆಗೆ ಹಾಕುತ್ತಾರೆ. ಬ್ರದರ್‌ಹುಡ್‌ನಲ್ಲಿ ಈ ದ್ವೇಷ ಬರೀ ಮಾತಿನಲ್ಲಿ ಬರುತ್ತದೆ.

ಆಮೇಲೆ 15ನೇ ವಾಲ್ಯೂಮ್. ಪೂರ್ತಿ ಪುಸ್ತಕವೇ ಇಶ್ವಾಲ್ ಯುದ್ಧ, ಅಂದರೆ ಸೇನೆ ಇಶ್ವಾಲ್ ಜನರನ್ನು ಕೊಂದುಹಾಕಿದ ಯುದ್ಧ. ಮಸ್ಟಾಂಗ್, ಹಾಕೈ, ಹ್ಯೂಸ್, ಮಾರ್ಕೋ, ಕಿಂಬ್ಲಿ, ನಾಕ್ಸ್ ಡಾಕ್ಟರು, ಒಬ್ಬೊಬ್ಬರೂ ಅಲ್ಲಿ ಏನು ಮಾಡಿದರು ಅಂತ ನಾಲ್ಕು ಚಾಪ್ಟರ್ ಎಲ್ಲೂ ಓಡದೆ ಹೇಳುತ್ತದೆ. ಇದನ್ನು ಬರೆಯುವ ಮೊದಲು ಅರಾಕಾವಾ ಯುದ್ಧಕ್ಕೆ ಹೋಗಿಬಂದ ಹಿರಿಯರನ್ನು ಮಾತಾಡಿಸಿದ್ದರು. ಅನಿಮೆಯಲ್ಲಿ ಹೆಚ್ಚುಕಡಿಮೆ ಇದೆಲ್ಲಾ 30ನೇ ಎಪಿಸೋಡ್ ಒಂದರಲ್ಲೇ ಮುಗಿಯುತ್ತದೆ. ಮುಖ್ಯ ಘಟನೆಗಳು ಇವೆ, ಆದರೆ ಉಸಿರಾಡಲು ಜಾಗ ಇಲ್ಲ. ಮಾಂಗಾದಲ್ಲಿ ಒಂದು ಪುಟ ತಿರುಗಿಸದೆ ಹಾಗೇ ನೋಡುತ್ತಾ ಕೂರಬಹುದು, ಮಾತಿಲ್ಲದ ಪ್ಯಾನೆಲ್‌ಗಳು ಬೇಕಾದಷ್ಟಿವೆ. ಬಿಳಿ ಕಾಗದದ ಮೇಲೆ ಕಪ್ಪು ಶಾಯಿ ಅಷ್ಟೇ, ಆ ಯುದ್ಧಕ್ಕೆ ಬಣ್ಣ ಬೇಕೂ ಇರಲಿಲ್ಲ ಅನಿಸುತ್ತದೆ. ‘ಏನೂ ಬದಲಾಯಿಸಿಲ್ಲ’ ಎನ್ನುವವರು ಘಟನೆ ಎಣಿಸುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತೇವೆ ಅಂತ ನೋಡುವುದಿಲ್ಲ.

ಓದಿ. ಒಂದನೇ ವಾಲ್ಯೂಮಿನಿಂದಲೇ ಓದಿ.

ರಾತ್ರಿಪಾಳಿ:

ಮಾಂಗಾ ಅಭಿಮಾನಿಗಳು ಒಂದು ವಿಷಯ ಬೇಕಂತಲೇ ಮರೆಯುತ್ತಾರೆ ಗುರೂ. ಮಸ್ಟಾಂಗ್‌ನ ಗೆಳೆಯ ಹ್ಯೂಸ್ 10ನೇ ಎಪಿಸೋಡಿಗೇ ಸತ್ತ, ಬ್ರದರ್‌ಹುಡ್ ಅವಸರ ಮಾಡಿತು ಅಂತ ಬೈಯುತ್ತೀರಲ್ಲ, ಮಾಂಗಾದಲ್ಲಿ ಅವನು ಸಾಯುವುದು 108 ಚಾಪ್ಟರಿನಲ್ಲಿ 15ನೇದರಲ್ಲಿ! ನಾಲ್ಕನೇ ವಾಲ್ಯೂಮ್. ನೀನಾ ಕಥೆಯೂ ಮಾಂಗಾದಲ್ಲಿ ಒಂದೇ ಚಾಪ್ಟರು. ಅವಸರ ಇದ್ದರೆ ಅದು ಅರಾಕಾವಾದೇ.

ಕೊನೆಯ ಭಾಗಕ್ಕೆ ಬಂದರೆ ಅನಿಮೆಗೇ ನನ್ನ ಓಟು. ಮಸ್ಟಾಂಗ್, ಹ್ಯೂಸ್‌ನನ್ನು ಕೊಂದ ಎನ್ವಿಯನ್ನು ಸುಡುವ ಜಾಗ ನೆನಪಿಸಿಕೊಳ್ಳಿ. ಮಾಂಗಾದಲ್ಲಿ ಚೆನ್ನಾಗೇ ಇದೆ, ಆದರೆ ಬೆಂಕಿಯನ್ನು ಕಪ್ಪು ಬಿಳುಪಿನಲ್ಲಿ ಎಷ್ಟು ಅಂತ ತೋರಿಸುತ್ತೀರಿ? ಆ ಚಿಟಿಕೆ ಸದ್ದು, ಅದರ ಹಿಂದೆಯೇ ಉರಿ, ಎನ್ವಿಯ ಕಿರುಚಾಟ, ಮಸ್ಟಾಂಗ್ ದನಿಯಲ್ಲಿ ಸಿಟ್ಟು ಇಳಿಯದೆ ತಣ್ಣಗಾಗುತ್ತಾ ಹೋಗುವುದು, ಇದೆಲ್ಲಾ ಪುಟದಲ್ಲಿ ಸಿಗುವುದಿಲ್ಲ. ಅಕಿರಾ ಸೆಂಜು ಸಂಗೀತ ಬೇರೆ. ಎಡ್‌ಗೆ ದನಿ ಕೊಟ್ಟವರು ರೋಮಿ ಪಾಕು, ಅವನ ತಮ್ಮ ಆಲ್‌ಗೆ ರಿಯೆ ಕುಗಿಮಿಯಾ, ಎರಡೂ ಸರಣಿಯಲ್ಲಿ ಅವರೇ. ಆಲ್‌ನ ಜೀವ ಇರುವ ಆ ಖಾಲಿ ಕವಚದೊಳಗಿಂದ ಬರುವ ಮಗುವಿನ ದನಿ ಒಮ್ಮೆ ಕಿವಿಗೆ ಬಿದ್ದ ಮೇಲೆ ಮಾಂಗಾ ಓದುವಾಗಲೂ ಅದೇ ಕೇಳಿಸುತ್ತದೆ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಕಥೆ ಗೊತ್ತಿದೆ, ಆ ದುಡ್ಡಿಗೆ ಅನಿಮೆ ಆಗದ ಬೇರೆ ಮಾಂಗಾ ತಗೊಳ್ಳಿ.

ಬೂದುಗುಂಬಳ:

ನಿಮ್ಮ ತಂಗಿಯ ಪಕ್ಷದಿಂದ ಒಬ್ಬಳು ಬಂದಿದ್ದೇನೆ. ಕೆಳಗೆ 2003ರ ಸರಣಿಯ ಸ್ಪಾಯ್ಲರ್ ಇದೆ, ನೋಡುವ ಆಲೋಚನೆ ಇದ್ದರೆ ದಾಟಿಕೊಂಡು ಹೋಗಿ.

ರಾತ್ರಿಪಾಳಿ ಅರ್ಧ ಸರಿ ಹೇಳಿದರು. ಮಾಂಗಾದಲ್ಲಿ ನೀನಾ, ಹ್ಯೂಸ್ ಇಬ್ಬರೂ ಬೇಗ ಹೋಗುತ್ತಾರೆ. ಹಾಗಾದರೆ ಜನ ಇಷ್ಟು ವರ್ಷ ಅಳುತ್ತಿರುವುದು ಯಾವುದನ್ನು ನೋಡಿ? 2003ರದ್ದನ್ನು ನೋಡಿ! ಮಾಂಗಾದಲ್ಲಿ ಎಡ್ ಆಗಲೇ ಸರ್ಕಾರಿ ಆಲ್ಕೆಮಿಸ್ಟ್ ಆಗಿದ್ದಾನೆ, ನೀನಾಳ ಅಪ್ಪ ಟಕರ್ ಮನೆಗೆ ಪುಸ್ತಕ ನೋಡಲು ಹೋಗಿಬರುತ್ತಾನೆ. ಹಳೇ ಸರಣಿಯಲ್ಲಿ ಹುಡುಗರು ಇನ್ನೂ ಪರೀಕ್ಷೆಗೆ ಓದುತ್ತಿದ್ದಾರೆ, ಆ ಮನೆಯಲ್ಲೇ ಇರುತ್ತಾರೆ, ನೀನಾ ಜೊತೆ ಆಡುತ್ತಾರೆ. ಆಮೇಲೆ ಅದು ನಡೆಯುತ್ತದೆ. ಹ್ಯೂಸ್ ಸಾಯುವುದು 51ರಲ್ಲಿ 25ನೇ ಎಪಿಸೋಡಿಗೆ, ಅಷ್ಟರಲ್ಲಿ ಅವನು ಮಗಳ ಫೋಟೋ ತೋರಿಸಿ ತೋರಿಸಿ ನಮಗೂ ಸಾಕುಮಾಡಿರುತ್ತಾನೆ. ಮಾಂಗಾಕ್ಕೆ ನಿಷ್ಠೆ ಇಟ್ಟುಕೊಂಡಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಬೇರೆ ದಾರಿ ಹಿಡಿದದ್ದು ಅಪರಾಧ ಅನ್ನುವ ಹಾಗೆ ಮಾತಾಡುತ್ತೀರಿ. ತನ್ನ ಕೊನೆಯನ್ನೇ ಅನಿಮೆಯೂ ಹೇಳುವುದು ಬೇಡ, ಬೇರೆ ಮಾಡಿ ಅಂತ ಕೇಳಿದ್ದೇ ಅರಾಕಾವಾ. ನಿರ್ದೇಶಕ ಸೇಜಿ ಮಿಜುಶಿಮಾ ಮತ್ತು ಬರಹಗಾರ ಶೋ ಐಕಾವಾ ಅದನ್ನು ಗಂಭೀರವಾಗಿ ತಗೊಂಡರು. ಮಾಂಗಾದಲ್ಲಿ ಹೋಮಂಕ್ಯುಲಸ್‌ಗಳು (ಕೃತಕ ಮನುಷ್ಯರು) ಖಳನಾಯಕ ‘ಫಾದರ್’ ತನ್ನೊಳಗಿಂದ ತೆಗೆದಿಟ್ಟ ಏಳು ಪಾಪಗಳು. 2003ರಲ್ಲಿ ಹಾಗಲ್ಲ, ಸತ್ತವರನ್ನು ಬದುಕಿಸಲು ಹೋಗಿ ಕೆಟ್ಟಾಗ ಹುಟ್ಟುವವರು. ಅಂದರೆ ಸತ್ತ ಅಮ್ಮನನ್ನು ಬದುಕಿಸಲು ಎಡ್, ಆಲ್ ಆ ರಾತ್ರಿ ಮಾಡಿದ್ದು ಅಲ್ಲಿಗೇ ಮುಗಿಯಲಿಲ್ಲ, ಸ್ಲಾತ್ ಆಗಿ, ಅವರ ಅಮ್ಮನ ಮುಖ ಹೊತ್ತು ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ಅವರೇ ಕೊಲ್ಲಬೇಕು. ಮಾಂಗಾದ ಸ್ಲಾತ್ ಒಬ್ಬ ದೈತ್ಯ, ‘ಬೇಜಾರು ಬೇಜಾರು’ ಅಂತ ಸುರಂಗ ತೋಡುತ್ತಿರುತ್ತಾನೆ. ಯಾವುದು ಹೆಚ್ಚು ಚುಚ್ಚುತ್ತದೆ ನೀವೇ ಹೇಳಿ.

ಎಡ್‌ನ ಗೆಳತಿ ವಿನ್ರಿಯ ಅಪ್ಪ ಅಮ್ಮನನ್ನು ಕೊಂದವರು ಯಾರು ಎನ್ನುವುದೂ ಹಾಗೇ. ಮಾಂಗಾದಲ್ಲಿ ಇಶ್ವಾಲ್‌ನವನಾದ ಸ್ಕಾರ್, ತನ್ನ ಜೀವ ಉಳಿಸಿದ ಡಾಕ್ಟರುಗಳನ್ನೇ ಹುಚ್ಚು ಸಿಟ್ಟಿನಲ್ಲಿ ಕೊಲ್ಲುತ್ತಾನೆ. ಹಳೇ ಸರಣಿಯಲ್ಲಿ ಮಸ್ಟಾಂಗ್, ಮೇಲಿನವರ ಆಜ್ಞೆ ಅಂತ. ಆ ಒಂದು ಬದಲಾವಣೆಗೇ ಮಸ್ಟಾಂಗ್ ಬೇರೆ ಮನುಷ್ಯನಾಗುತ್ತಾನೆ.

ಕೊನೆ ಕೊನೆಗೆ ಹದ ತಪ್ಪುತ್ತದೆ, ಒಪ್ಪುತ್ತೇನೆ. ಕಥೆ ನಮ್ಮ ಲೋಕದ ಜರ್ಮನಿಗೆ ಹೋಗುವುದು, 2005ರ ಸಿನಿಮಾ, ಅದೆಲ್ಲಾ ನನಗೂ ಅಷ್ಟಕ್ಕಷ್ಟೇ. ಆದರೆ ಮಿಚಿರು ಓಶಿಮಾ ಸಂಗೀತ, ಆ ರಷ್ಯನ್ ಹಾಡು ‘ಬ್ರಾತ್ಯಾ’, ಅದರ ಮುಂದೆ ಸೆಂಜು ಕೈಕಟ್ಟಿ ಕೂರಬೇಕು.

ಹಳೇಕ್ಯಾಸೆಟ್:

ರಾತ್ರಿಪಾಳಿಗೆ: 15ನೇ ಚಾಪ್ಟರು ಅಂದರೆ ವಾರಪತ್ರಿಕೆಯ 15 ಅಲ್ಲ. ತಿಂಗಳಿಗೊಂದು ಬರುತ್ತಿತ್ತು, ಒಂದು ವಾಲ್ಯೂಮಿಗೆ ನಾಲ್ಕೇ ಹಿಡಿಯುವಷ್ಟು ದಪ್ಪ. ಹ್ಯೂಸ್ ಸಾಯುವ ಹೊತ್ತಿಗೆ ನೀವು ಮೂರು ಪುಸ್ತಕ ಮುಗಿಸಿ ನಾಲ್ಕನೇದರಲ್ಲಿರುತ್ತೀರಿ. ಬೆಂಕಿಯ ವಿಷಯ ಒಪ್ಪಿದೆ.

ಬೂದುಗುಂಬಳ ಅವರ ಸ್ಲಾತ್ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ವಿನ್ರಿ ವಿಷಯದಲ್ಲಿ ಮಾಂಗಾನೇ ಮೇಲು. ಸ್ಕಾರ್ ಕೊಂದ ಅಂತಾದಾಗ ತಪ್ಪು ಬರೀ ಸೇನೆಯದ್ದಾಗಿ ಉಳಿಯುವುದಿಲ್ಲ, ನೊಂದವನ ಕೈಗೂ ರಕ್ತ ಅಂಟುತ್ತದೆ. ವಿನ್ರಿ ಅವನ ಗಾಯಕ್ಕೆ ಬಟ್ಟೆ ಕಟ್ಟುವ ದೃಶ್ಯಕ್ಕೆ ತೂಕ ಬರುವುದೇ ಅದರಿಂದ.

ಇನ್ನೊಂದು ಹೇಳಲು ಬಿಟ್ಟಿದ್ದೆ, ತಮಾಷೆ. ಬ್ರದರ್‌ಹುಡ್‌ನಲ್ಲಿ ಗಂಭೀರ ಮಾತಿನ ಮಧ್ಯೆ ಮುಖ ಗುಂಡಗಾಗಿ, ‘ಯಾರೋ ಅವನು ಕುಳ್ಳ ಅಂದಿದ್ದು’ ಅಂತ ಎಡ್ ಕೂಗಾಡಿದಾಗ ಬಹಳ ಜನಕ್ಕೆ ಕಿರಿಕಿರಿ ಆಗುತ್ತದೆ. ಅದೇ ಜೋಕು ಮಾಂಗಾದಲ್ಲಿ ಪುಟದ ಒಂದು ಮೂಲೆಯಲ್ಲಿ ಬೆರಳಷ್ಟು ಚಿತ್ರವಾಗಿ ಇರುತ್ತದೆ. ಕಣ್ಣು ಹೋಗುವ ದಾರಿಯಲ್ಲಿ ನೋಡಿ ನಕ್ಕು ಮುಂದೆ ಹೋಗುತ್ತದೆ. ಅನಿಮೆಯಲ್ಲಿ ಕಥೆ ನಿಲ್ಲಿಸಿಯೇ ಜೋಕು ಮಾಡಬೇಕು, ಬೇರೆ ದಾರಿ ಇಲ್ಲ.

ಕಾಫಿಪುಡಿ:

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ! ಸ್ಪಾಯ್ಲರ್ ಓದಬಾರದಿತ್ತು, ಓದಿಬಿಟ್ಟೆ, ಈಗ ಆ ಸ್ಲಾತ್ ನೋಡಲೇಬೇಕು ಅನಿಸುತ್ತಿದೆ. ತಂಗಿಗೆ ಇದನ್ನು ತೋರಿಸುವುದಿಲ್ಲ.

27 ವಾಲ್ಯೂಮ್ ಒಂದೊಂದೇ ಕೊಂಡರೆ ಜೇಬಿಗೆ ತೂತು. ಇಶ್ವಾಲ್ ಇರುವ 15 ಮಾತ್ರ ತಗೊಂಡರೆ ನಡೆಯುತ್ತಾ?

ಮೂಲೆಸೀಟು:

ಮೂರು ವಾಲ್ಯೂಮ್ ಸೇರಿಸಿದ ಇಂಗ್ಲಿಷ್ ಆವೃತ್ತಿ ಇದೆ, ವಿಜ್ ಕಂಪನಿಯದು, ಒಟ್ಟು ಒಂಬತ್ತೇ ಪುಸ್ತಕ. ಐದನೇ ಪುಸ್ತಕದಲ್ಲಿ 13, 14, 15 ಬರುತ್ತವೆ. ಬರೀ ಅದನ್ನೇ ಕೊಂಡರೂ ಕಥೆ ಗೊತ್ತಿರುವವರಿಗೆ ಅರ್ಥ ಆಗುತ್ತದೆ. ಆದರೆ ನಿಮ್ಮ ದೂರು ಇದ್ದದ್ದೇ ಶುರುವಿನ ಬಗ್ಗೆ ಅಲ್ವಾ? ಹಾಗಾದರೆ ಒಂದು ಮತ್ತು ಎರಡನೇ ಪುಸ್ತಕ ಮೊದಲು ತಗೊಳ್ಳಿ. ಗಣಿ, ರೈಲು, ನೀನಾ, ಹ್ಯೂಸ್ ಎಲ್ಲಾ ಅಷ್ಟರಲ್ಲೇ ಬರುತ್ತದೆ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್ ಕಡೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಕೇಳಿ ನೋಡಿ, ಬಿಡಿ ವಾಲ್ಯೂಮ್ ಸಿಕ್ಕರೂ ಸಿಗಬಹುದು.

ಓದಿ ಮುಗಿಸಿದ ಕೂಡಲೇ ಮುಚ್ಚಿಡಬೇಡಿ, ಕೊನೆಯ ಪುಟಗಳಲ್ಲಿ ನಾಲ್ಕು ಚೌಕದ ತಮಾಷೆ ಕಾಮಿಕ್ಸ್ ಇರುತ್ತದೆ, ಆ ವಾಲ್ಯೂಮಿನಲ್ಲಿ ಸತ್ತವರು ಪುಟ್ಟ ರೆಕ್ಕೆ ಕಟ್ಟಿಕೊಂಡು ಸ್ವರ್ಗಕ್ಕೆ ಹೋಗುವ ಚಿತ್ರವೂ ಇರುತ್ತದೆ. ಅರಾಕಾವಾ ತನ್ನನ್ನು ಕನ್ನಡಕ ಹಾಕಿದ ಹಸು ಅಂತ ಬರೆದುಕೊಳ್ಳುತ್ತಾರೆ. ಹೊಕ್ಕೈಡೋದಲ್ಲಿ ಹೈನುಗಾರಿಕೆ ಮಾಡುವ ಮನೆಯಲ್ಲಿ ಬೆಳೆದವರು.

ರಾತ್ರಿಪಾಳಿ:

ಆ ಹಸು ವಿಷಯ ಮೊದಲೇ ಹೇಳಿದ್ದರೆ ನಾನೇ ಓದಿ ಅನ್ನುತ್ತಿದ್ದೆ. 2017ರ ಲೈವ್ ಆಕ್ಷನ್ ಸಿನಿಮಾ ಬಗ್ಗೆ ಮಾತ್ರ ಇಲ್ಲಿ ಯಾರೂ ಬಾಯಿ ತೆಗೆಯಬೇಡಿ, ನಾಳೆ ಬೆಳಿಗ್ಗೆವರೆಗೂ ನನಗೆ ಕೆಲಸ ಇದೆ.